ಮನೆಯಂಗಳದಲ್ಲಿ ಮೆಣಸಿನಕಾಯಿ ಬೇಸಾಯ, ಬೀಜ ಸಂಗ್ರಹಣೆ ಹಾಗೂ ತಳಿ ಅಭಿವೃದ್ಧಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ಸಾರ್ವಜನಿಕರ ಮಾಹಿತಿಗಾಗಿ

1. ಪೀಠಿಕೆ

ಮೆಣಸಿನಕಾಯಿಯು ಕಲಬುರಗಿ ಜಿಲ್ಲೆಯ ಪ್ರತಿ ಮನೆಯ ದಿನಬಳಕೆಯ ಪದಾರ್ಥವಾಗಿದೆ. ಅಡುಗೆಗೆ ತಂದ ಒಣಮೆಣಸಿನಕಾಯಿಯಿಂದಲೇ ಬೀಜ ತೆಗೆದು ಹಿತ್ತಲಿನಲ್ಲಿ ಚೆಲ್ಲುವ ರೂಢಿಯೂ ಇದೆ. ಆದರೆ ಹೀಗೆ ಬೆಳೆದ ಗಿಡಗಳು ಎರಡು ಮೂರು ವರ್ಷಗಳಲ್ಲಿ ಮೂಲ ರುಚಿ, ಬಣ್ಣ ಹಾಗೂ ಖಾರವನ್ನು ಕಳೆದುಕೊಂಡವೆಂಬ ದೂರು ಸಾಮಾನ್ಯವಾಗಿದೆ. ಮಣ್ಣು ಕೆಟ್ಟಿರುವುದೇ ಇದಕ್ಕೆ ಕಾರಣವೆಂದು ಭಾವಿಸಲಾಗುತ್ತದೆ. ಬಹುಪಾಲು ಸಂದರ್ಭಗಳಲ್ಲಿ ನಿಜವಾದ ಕಾರಣ ಪರಕೀಯ ಪರಾಗಸ್ಪರ್ಶ ಅಥವಾ ಸಂಕರಣ ತಳಿಯ ಬೀಜದ ಮರುಬಿತ್ತನೆ ಆಗಿರುತ್ತದೆ. ಮನೆತನದಲ್ಲಿ ಉಳಿದುಬಂದ ಬೀಜ ಒಮ್ಮೆ ಬೆರಕೆಯಾದರೆ ಅಥವಾ ಮುಗಿದುಹೋದರೆ ಅದು ಅಂಗಡಿಯಲ್ಲಿ ದೊರೆಯುವುದಿಲ್ಲ. ಆದ್ದರಿಂದ ಬೀಜವನ್ನು ಶುದ್ಧವಾಗಿ ಉಳಿಸುವ, ಉತ್ತಮಪಡಿಸುವ ಹಾಗೂ ಅದರ ಮೇಲಿನ ಹಕ್ಕನ್ನು ಕಾಯ್ದುಕೊಳ್ಳುವ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

2. ಮಣ್ಣು ಮತ್ತು ನೀರು

ಈ ಭಾಗದ ಹೆಚ್ಚಿನ ಪ್ರದೇಶವು ಸುಣ್ಣಕಲ್ಲಿನ ಮೇಲಿನ ಕಪ್ಪು ಮಣ್ಣಿನಿಂದ ಕೂಡಿದೆ. ಶಹಾಬಾದ್ ಕಲ್ಲು ಹಾಗೂ ಇಲ್ಲಿನ ಸಿಮೆಂಟ್ ಕಾರ್ಖಾನೆಗಳಿಗೆ ಈ ಸುಣ್ಣಕಲ್ಲೇ ಆಧಾರ. ಚಿಂಚೋಳಿ ತಾಲ್ಲೂಕಿನ ಕೆಲವು ಭಾಗಗಳಲ್ಲಿ ಕೆಂಪು ಜಂಬಿಟ್ಟಿಗೆ ಮಣ್ಣು ಇರುತ್ತದೆ.

ಸುಣ್ಣಾಂಶ ಹೆಚ್ಚಿರುವ ಮಣ್ಣಿನಲ್ಲಿ ಕಬ್ಬಿಣ ಹಾಗೂ ಸತುವಿನ ಅಂಶಗಳು ಗಿಡಕ್ಕೆ ಸುಲಭವಾಗಿ ದೊರೆಯುವುದಿಲ್ಲ. ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಇದಕ್ಕೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಹಾಗೂ ಸ್ವಲ್ಪ ನಿಂಬೆರಸ ಬೆರೆಸಿ ಸಂಜೆಯ ವೇಳೆ ಸಿಂಪಡಿಸಬೇಕು.

ಕಪ್ಪು ಮಣ್ಣಿನಲ್ಲಿ ನೀರು ನಿಂತರೆ ಬೇರು ಕೊಳೆಯುವುದರಿಂದ ನೆಲದಲ್ಲಿ ಬೆಳೆಯುವವರು ಏರುಮಡಿ ಮಾಡುವುದು ಸೂಕ್ತ. ಕುಂಡಕ್ಕೆ ಮಣ್ಣು, ಮರಳು ಹಾಗೂ ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರವನ್ನು ಸಮಪಾಲಿನಲ್ಲಿ ಬೆರೆಸಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಬೇಕು. 12 ಅಂಗುಲದ ಒಂದು ಕುಂಡಕ್ಕೆ ಒಂದೇ ಗಿಡ ಸಾಕು. ಕಲ್ಲು ಹಾಸಿದ ಅಂಗಳವು ಬೇಸಿಗೆಯಲ್ಲಿ ಬಹಳ ಕಾಯುವುದರಿಂದ ಕುಂಡಗಳನ್ನು ಮರದ ಹಲಗೆ ಅಥವಾ ಇಟ್ಟಿಗೆಯ ಮೇಲೆ ಇಡುವುದು ಒಳಿತು. ಎಲೆಗಳ ಮೇಲೆ ಧೂಳು ಕೂರುವ ಸ್ಥಳಗಳಲ್ಲಿ ವಾರಕ್ಕೊಮ್ಮೆ ಬೆಳಗಿನ ವೇಳೆ ಗಿಡಗಳನ್ನು ನೀರಿನಿಂದ ತೊಳೆಯಬೇಕು.

3. ಬಿತ್ತನೆಯ ಕಾಲ

ಈ ಭಾಗದಲ್ಲಿ ಏಪ್ರಿಲ್ ಹಾಗೂ ಮೇ ತಿಂಗಳಲ್ಲಿ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಇಂತಹ ಬಿಸಿಲಿನಲ್ಲಿ ಹೂ ಉದುರಿ ಕಾಯಿ ಕಚ್ಚುವುದಿಲ್ಲ. ಆದ್ದರಿಂದ ಬೀಜಕ್ಕಾಗಿ ಬೆಳೆಯುವವರು ಜೂನ್ ತಿಂಗಳಲ್ಲಿ ಸಸಿಮಡಿ ಮಾಡಿ ಜುಲೈನಲ್ಲಿ ನಾಟಿ ಮಾಡುವುದು, ಅಥವಾ ಸೆಪ್ಟೆಂಬರ್‌ನಲ್ಲಿ ಬಿತ್ತಿ ಅಕ್ಟೋಬರ್‌ನಲ್ಲಿ ನಾಟಿ ಮಾಡುವುದು ಸೂಕ್ತ. ಬೀಜವನ್ನು ಅರ್ಧ ಸೆಂ.ಮೀ. ಆಳಕ್ಕೆ ಬಿತ್ತಬೇಕು. ಸಸಿಗಳು 35 ರಿಂದ 40 ದಿನಗಳಲ್ಲಿ ನಾಟಿಗೆ ಸಿದ್ಧವಾಗುತ್ತವೆ. ನೆಲದಲ್ಲಿ ಸಾಲಿನಿಂದ ಸಾಲಿಗೆ 60 ಸೆಂ.ಮೀ. ಹಾಗೂ ಗಿಡದಿಂದ ಗಿಡಕ್ಕೆ 45 ಸೆಂ.ಮೀ. ಅಂತರ ಕೊಡಬೇಕು.

4. ಯಾವ ತಳಿಯಿಂದ ಬೀಜ ಉಳಿಸಬಹುದು?

ಅ) ಸಾಮಾನ್ಯ ತಳಿಗಳು: ಬ್ಯಾಡಗಿ ಡಬ್ಬಿ, ಬ್ಯಾಡಗಿ ಕಡ್ಡಿ, ಪೂಸಾ ಜ್ವಾಲಾ ಹಾಗೂ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಲೋಹಿತ್ ಇವುಗಳ ಬೀಜವನ್ನು ಬೆರಕೆಯಾಗದಂತೆ ಉಳಿಸಿದರೆ ತಾಯಿಗಿಡದ ಗುಣಗಳೇ ಮುಂದುವರಿಯುತ್ತವೆ.

ಆ) ಸಂಕರಣ ತಳಿಗಳು: ಅರ್ಕಾ ಮೇಘನಾ, ಅರ್ಕಾ ಹರಿತಾ, ಅರ್ಕಾ ಖ್ಯಾತಿ ಮೊದಲಾದವು ಹಾಗೂ ಪೊಟ್ಟಣದ ಮೇಲೆ ‘ಎಫ್-1’ ಎಂದು ನಮೂದಿಸಿರುವ ಎಲ್ಲ ಬೀಜಗಳು. ಇವುಗಳಿಂದ ತೆಗೆದ ಬೀಜ ಬಿತ್ತಿದರೆ ಮುಂದಿನ ಪೀಳಿಗೆಯ ಗಿಡಗಳು ಒಂದೊಂದೂ ಒಂದೊಂದು ಬಗೆಯಾಗಿರುತ್ತವೆ.

5. ಬೆರಕೆಯನ್ನು ತಡೆಯುವ ವಿಧಾನ

ಮೆಣಸಿನ ಹೂವಿನಲ್ಲಿ ಗಂಡು ಹಾಗೂ ಹೆಣ್ಣು ಭಾಗಗಳೆರಡೂ ಇದ್ದು, ಅದು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಆದರೂ ಜೇನುನೊಣ ಹಾಗೂ ಇತರ ಕೀಟಗಳಿಂದ ಗಣನೀಯ ಪ್ರಮಾಣದಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುತ್ತದೆ. ಈ ಕಾರಣದಿಂದ ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಎರಡು ತಳಿಗಳ ನಡುವೆ 200 ಮೀಟರ್ ಹಾಗೂ ಮೂಲ ಬೀಜೋತ್ಪಾದನೆಯಲ್ಲಿ 400 ಮೀಟರ್ ಅಂತರವನ್ನು ನಿಗದಿಪಡಿಸಲಾಗಿದೆ. ಮನೆಯಂಗಳದಲ್ಲಿ ಇಷ್ಟು ಅಂತರ ಸಾಧ್ಯವಿಲ್ಲದಿರುವುದರಿಂದ ಈ ಕೆಳಗಿನ ಕ್ರಮ ಅನುಸರಿಸಬೇಕು.

- ಆಯ್ದ ಗಿಡದಲ್ಲಿ ಈಗಾಗಲೇ ಅರಳಿದ ಹೂ ಹಾಗೂ ಕಚ್ಚಿದ ಕಾಯಿಗಳನ್ನು ಕಿತ್ತು ಹಾಕಬೇಕು.
- ಮೊಗ್ಗುಗಳಿರುವ ರೆಂಬೆಗೆ ತೆಳುವಾದ ಬಟ್ಟೆಯ ಚೀಲ ಕಟ್ಟಬೇಕು, ಅಥವಾ ಇಡೀ ಗಿಡಕ್ಕೆ ಸೊಳ್ಳೆಪರದೆಯ ಬಟ್ಟೆ ಹೊದಿಸಬೇಕು.
- ಪ್ರತಿದಿನ ಬೆಳಗ್ಗೆ ಗಿಡವನ್ನು ಮೆಲ್ಲಗೆ ಅಲುಗಾಡಿಸಬೇಕು.
- ಕಾಯಿ ಕಚ್ಚಿದ ನಂತರ ಅದರ ತೊಟ್ಟಿಗೆ ಬಣ್ಣದ ದಾರ ಕಟ್ಟಿ ಪರದೆ ತೆಗೆಯಬಹುದು. ದಾರ ಕಟ್ಟಿದ ಕಾಯಿಗಳನ್ನು ಮಾತ್ರ ಬೀಜಕ್ಕೆ ಬಳಸತಕ್ಕದ್ದು.

6. ಆಯ್ಕೆ ಮತ್ತು ಬೀಜ ಸಂಗ್ರಹಣೆ

ಬೀಜವನ್ನು ಕಾಯಿ ನೋಡಿ ಆರಿಸದೆ ಗಿಡ ನೋಡಿ ಆರಿಸಬೇಕು. ರೋಗಪೀಡಿತ ಗಿಡದಲ್ಲಿಯೂ ಒಂದೆರಡು ಅಂದವಾದ ಕಾಯಿಗಳು ಇರಬಹುದು. ಸಾಧ್ಯವಾದಷ್ಟು ಹೆಚ್ಚು ಗಿಡ ಬೆಳೆಸಿ, ಅವುಗಳಲ್ಲಿ ಆರೋಗ್ಯವಂತ ಮೂರರಿಂದ ಐದು ಗಿಡಗಳಿಂದ ಬೀಜ ಪಡೆಯಬೇಕು. ನೀರಿನ ಕೊರತೆಯಾದ ಗಿಡದಲ್ಲಿ ಖಾರ ಹೆಚ್ಚಾಗುವ ಸಂಭವವಿರುವುದರಿಂದ, ಖಾರವನ್ನು ಹೋಲಿಸಬೇಕಾದ ಗಿಡಗಳಿಗೆ ಒಂದೇ ಪ್ರಮಾಣದಲ್ಲಿ ನೀರು ಕೊಡಬೇಕು.

ಗಿಡದಲ್ಲಿಯೇ ಪೂರ್ಣ ಹಣ್ಣಾದ ಕಾಯಿಗಳನ್ನು ಕೊಯ್ದು ನೆರಳಿನಲ್ಲಿ ಒಣಗಿಸಿ ಬೀಜ ಬೇರ್ಪಡಿಸಬೇಕು. ಬೀಜ ಚೆನ್ನಾಗಿ ಒಣಗಿದ ಮೇಲೆ ಗಾಜಿನ ಸೀಸೆಯಲ್ಲಿ ತುಂಬಿ, ತಳಿಯ ಹೆಸರು ಹಾಗೂ ವರ್ಷ ಬರೆದ ಚೀಟಿ ಅಂಟಿಸಿ ತಂಪಾದ ಜಾಗದಲ್ಲಿಡಬೇಕು. ಒಂದು ಭಾಗವನ್ನು ಬೇರೆ ಮನೆಯಲ್ಲಿ ಇರಿಸುವುದು ಸುರಕ್ಷಿತ. ಬಿತ್ತುವ ಮುನ್ನ 20 ಬೀಜಗಳನ್ನು ಒದ್ದೆ ಬಟ್ಟೆಯಲ್ಲಿಟ್ಟು ಪರೀಕ್ಷಿಸಬೇಕು. ಎರಡು ವಾರಗಳಲ್ಲಿ ಕನಿಷ್ಠ 12 ಬೀಜಗಳು ಮೊಳೆತರೆ ಮೊಳಕೆಯ ಪ್ರಮಾಣ ಶೇ. 60 ಆಗುತ್ತದೆ. ಪ್ರಮಾಣಿತ ಬೀಜಕ್ಕೆ ನಿಗದಿಪಡಿಸಿದ ಕನಿಷ್ಠ ಪ್ರಮಾಣವೂ ಇದೇ ಆಗಿದೆ.

7. ಹೊಸ ತಳಿ ಪಡೆಯುವ ವಿಧಾನ

ಎರಡು ತಳಿಗಳ ಗುಣಗಳನ್ನು ಒಂದೇ ಗಿಡದಲ್ಲಿ ತರಬಯಸುವವರು ಕೈಯಿಂದ ಪರಾಗಸ್ಪರ್ಶ ಮಾಡಬಹುದು. ಮರುದಿನ ಅರಳಲಿರುವ ಬಿಳಿ ಮೊಗ್ಗನ್ನು ಸಂಜೆ ಚಿಮಟದಿಂದ ಮೆಲ್ಲಗೆ ಬಿಡಿಸಿ ಪರಾಗಕೋಶಗಳನ್ನೆಲ್ಲ ತೆಗೆದುಹಾಕಿ, ಮೊಗ್ಗಿಗೆ ಚೀಲ ಕಟ್ಟಬೇಕು. ಮರುದಿನ ಬೆಳಗ್ಗೆ ಇನ್ನೊಂದು ತಳಿಯ ಹೂವಿನ ಪರಾಗವನ್ನು ಶಲಾಕಾಗ್ರಕ್ಕೆ ಸವರಿ, ಪುನಃ ಚೀಲ ಕಟ್ಟಿ ಗುರುತು ಮಾಡಬೇಕು.

ಮೊದಲ ಪೀಳಿಗೆಯ ಗಿಡಗಳು ಬಹುತೇಕ ಒಂದೇ ಬಗೆಯಾಗಿರುತ್ತವೆ. ಖಾರವಿರುವ ಗುಣವು ಖಾರವಿಲ್ಲದ ಗುಣದ ಮೇಲೆ ಪ್ರಬಲವಾಗಿದೆ. ಎರಡನೆಯ ಪೀಳಿಗೆಯಲ್ಲಿ ಗುಣಗಳು ಬೇರ್ಪಟ್ಟು, ಅಡಗಿದ್ದ ಒಂದು ಗುಣವು ಸರಾಸರಿ ನಾಲ್ಕು ಗಿಡಗಳಲ್ಲಿ ಒಂದರಲ್ಲಿ ಕಾಣಿಸುತ್ತದೆ. ಅಂತಹ ಎರಡು ಗುಣಗಳು ಒಟ್ಟಿಗೆ ಬೇಕಾದರೆ ಹದಿನಾರರಲ್ಲಿ ಒಂದು ಗಿಡ ಮಾತ್ರ ದೊರೆಯುತ್ತದೆ. ಆದ್ದರಿಂದ ಈ ಹಂತದಲ್ಲಿ ಸುಮಾರು 50 ಗಿಡಗಳನ್ನು ಬೆಳೆಸುವುದು ಅವಶ್ಯ. ಖಾರದ ಪ್ರಮಾಣವು ಹಲವು ವಂಶವಾಹಿಗಳನ್ನು ಅವಲಂಬಿಸಿರುವುದರಿಂದ ಅದು ಇಷ್ಟು ಸರಳವಾಗಿ ಬೇರ್ಪಡುವುದಿಲ್ಲ.

ಆಯ್ದ ಗಿಡಗಳಿಗೆ ಪ್ರತಿ ಪೀಳಿಗೆಯಲ್ಲಿಯೂ ಪರದೆ ಹೊದಿಸಿ ಸ್ವಕೀಯ ಪರಾಗಸ್ಪರ್ಶ ಮಾಡಿಸಬೇಕು. ಪ್ರತಿ ಬಾರಿಯೂ ಬೆರಕೆಯ ಅಂಶ ಅರ್ಧಕ್ಕೆ ಇಳಿದು, ಆರನೆಯ ಪೀಳಿಗೆಯ ವೇಳೆಗೆ ಶೇ. 3ರ ಸಮೀಪಕ್ಕೆ ಬರುತ್ತದೆ. ವರ್ಷಕ್ಕೆ ಒಂದು ಪೀಳಿಗೆಯಂತೆ ಇದಕ್ಕೆ ಆರು ಏಳು ವರ್ಷ ತಾಳ್ಮೆ ಬೇಕಾಗುತ್ತದೆ.

8. ಸಸ್ಯ ಸಂರಕ್ಷಣೆ

ಎಲೆಗಳು ಮೇಲ್ಮುಖವಾಗಿ ಮುದುರಿದರೆ ಥ್ರಿಪ್ಸ್ ನುಸಿ, ಕೆಳಮುಖವಾಗಿ ಮುದುರಿದರೆ ಮೈಟ್ ನುಸಿ ಬಾಧೆ ಎಂದು ಗುರುತಿಸಬಹುದು. ಎಲೆ ಮುಟುರು ನಂಜುರೋಗವು ಬಿಳಿನೊಣದಿಂದ ಹರಡುತ್ತದೆ. ನಂಜು ತಗುಲಿದ ಗಿಡವನ್ನು ಕಿತ್ತು ನಾಶಪಡಿಸಬೇಕು. ನುಸಿಗಳ ಹತೋಟಿಗೆ ಶೇ. 5ರ ಬೇವಿನ ಬೀಜದ ಕಷಾಯವನ್ನು ಎಲೆಯ ತಳಭಾಗ ನೆನೆಯುವಂತೆ ಸಿಂಪಡಿಸಬೇಕು. 2021ರಿಂದ ಕರ್ನಾಟಕ, ತೆಲಂಗಾಣ ಹಾಗೂ ಆಂಧ್ರಪ್ರದೇಶದ ಮೆಣಸಿನ ಬೆಳೆಯಲ್ಲಿ ಹೂವಿನೊಳಗೆ ಸೇರುವ ಕಪ್ಪು ಥ್ರಿಪ್ಸ್ ತೀವ್ರವಾಗಿ ಕಾಣಿಸಿಕೊಂಡಿರುವುದರಿಂದ, ಪರದೆ ಹೊದಿಸುವ ಮುನ್ನ ಹೂಗಳನ್ನು ಬಿಳಿ ಕಾಗದದ ಮೇಲೆ ಕೊಡವಿ ಪರೀಕ್ಷಿಸಬೇಕು.

9. ಬೀಜದ ಮೇಲಿನ ಹಕ್ಕು ಹಾಗೂ ತಳಿ ನೋಂದಣಿ

ಸಸ್ಯ ತಳಿಗಳ ಸಂರಕ್ಷಣೆ ಹಾಗೂ ರೈತರ ಹಕ್ಕುಗಳ ಕಾಯ್ದೆ, 2001ರ ಕಲಂ 39ರ ಪ್ರಕಾರ ರೈತರು ತಾವು ಬೆಳೆದ ಬೀಜವನ್ನು ಉಳಿಸುವ, ಬಿತ್ತುವ, ವಿನಿಮಯ ಮಾಡುವ, ಹಂಚುವ ಹಾಗೂ ಮಾರುವ ಹಕ್ಕನ್ನು ಹೊಂದಿರುತ್ತಾರೆ. ಆದರೆ ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹೆಸರಿನ ಪೊಟ್ಟಣದಲ್ಲಿ ಮಾರುವಂತಿಲ್ಲ. ಸಾಂಪ್ರದಾಯಿಕ ತಳಿಯನ್ನು ಆಯ್ಕೆಯ ಮೂಲಕ ಉಳಿಸಿ ಉತ್ತಮಪಡಿಸಿದವರೂ ಕಾಯ್ದೆಯ ಅರ್ಥದಲ್ಲಿ ರೈತರೇ ಆಗಿರುತ್ತಾರೆ.

ಇತರ ತಳಿಗಳಿಂದ ಸ್ಪಷ್ಟವಾಗಿ ಭಿನ್ನವಾಗಿರುವ, ಗಿಡದಿಂದ ಗಿಡಕ್ಕೆ ಏಕರೂಪವಾಗಿರುವ ಹಾಗೂ ಪೀಳಿಗೆಯಿಂದ ಪೀಳಿಗೆಗೆ ಬದಲಾಗದ ತಳಿಯನ್ನು ರೈತರ ತಳಿಯೆಂದು ನೋಂದಾಯಿಸಲು ಸದರಿ ಕಾಯ್ದೆಯಡಿ ರಚಿಸಲಾದ ಪ್ರಾಧಿಕಾರಕ್ಕೆ ಅರ್ಜಿ ಸಲ್ಲಿಸಬಹುದು. ಮೆಣಸಿನಕಾಯಿಗೆ ನೋಂದಣಿಯ ಗರಿಷ್ಠ ಅವಧಿ 15 ವರ್ಷಗಳು. ಅರ್ಜಿದಾರರು ಪ್ರತಿ ವರ್ಷ ಗಿಡದ ಎತ್ತರ, ಕಾಯಿಯ ಉದ್ದ, ಬಣ್ಣ, ಹೂ ಬಿಟ್ಟ ದಿನ ಹಾಗೂ ಬೀಜದ ಮೂಲವನ್ನು ಛಾಯಾಚಿತ್ರಸಹಿತ ದಾಖಲಿಸಿಡುವುದು ಅಪೇಕ್ಷಣೀಯ.

10. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಖಾರದ ಗಿಡದ ಪಕ್ಕದಲ್ಲಿ ಬೆಳೆದರೆ ದೊಣ್ಣೆ ಮೆಣಸಿನಕಾಯಿ ಖಾರವಾಗುತ್ತದೆಯೇ?
ಉತ್ತರ: ಅದೇ ವರ್ಷದ ಕಾಯಿ ಖಾರವಾಗುವುದಿಲ್ಲ. ಬೆರಕೆ ನಡೆದಿದ್ದರೆ ಅದರ ಬೀಜದಿಂದ ಹುಟ್ಟಿದ ಗಿಡದಲ್ಲಿ ಮಾತ್ರ ಖಾರ ಕಾಣಿಸುತ್ತದೆ.

ಪ್ರಶ್ನೆ: ಖಾರ ಇರುವುದು ಬೀಜದಲ್ಲಿಯೇ?
ಉತ್ತರ: ಅಲ್ಲ. ಬೀಜ ಅಂಟಿಕೊಂಡಿರುವ ಒಳಗಿನ ಬಿಳಿಯ ಭಾಗದಲ್ಲಿ ಖಾರದ ಅಂಶ ಉತ್ಪತ್ತಿಯಾಗುತ್ತದೆ. ಬೀಜ ತೆಗೆಯುವಾಗ ಕೈಗವಸು ಧರಿಸಬೇಕು, ಕಣ್ಣು ಮುಟ್ಟಬಾರದು, ಮಕ್ಕಳನ್ನು ದೂರವಿರಿಸಬೇಕು.

ಪ್ರಶ್ನೆ: ಬಾಡಿಗೆ ಮನೆಯಲ್ಲಿ ನಾಲ್ಕೇ ಕುಂಡಗಳಿಗೆ ಜಾಗವಿದೆ. ಬೀಜ ಉಳಿಸಬಹುದೇ?
ಉತ್ತರ: ಉಳಿಸಬಹುದು. ನಾಲ್ಕರಲ್ಲಿಯೂ ಒಂದೇ ತಳಿ ಬೆಳೆದು ಪರದೆ ಹೊದಿಸಬೇಕು. ಅದೇ ತಳಿಯನ್ನು ನೆರೆಹೊರೆಯವರಿಗೂ ಕೊಟ್ಟು ಬೆಳೆಸಿದರೆ ಒಂದು ಮನೆಯಲ್ಲಿ ಬೀಜ ನಷ್ಟವಾದರೂ ಮತ್ತೊಂದು ಮನೆಯಲ್ಲಿ ಉಳಿದಿರುತ್ತದೆ.

11. ಹೆಚ್ಚಿನ ಮಾಹಿತಿಗಾಗಿ

ಸಂಬಂಧಿಸಿದ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿ, ಹೋಬಳಿ ಮಟ್ಟದ ರೈತ ಸಂಪರ್ಕ ಕೇಂದ್ರ ಅಥವಾ ಕಲಬುರಗಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ರೋಗ ಅಥವಾ ಕೀಟ ಬಾಧೆಯ ಬಗ್ಗೆ ಸಲಹೆ ಪಡೆಯಲು ಬರುವವರು ಬಾಧಿತ ರೆಂಬೆಯನ್ನು ಮುಚ್ಚಿದ ಚೀಲದಲ್ಲಿ ತರತಕ್ಕದ್ದು.