ಟವೆಲ್ ಕೆಳಗಿನ ರೇಟು: ದಲ್ಲಾಳಿ ಮಾತಿನ ಹಳೇ ಕಥೆ

ತ್ಯಾವಣಿಗೆ, ಸಂತೇಬೆನ್ನೂರು, ಚನ್ನಗಿರಿ ಕಡೆ ಮನೆ, ಸೈಟು ನೋಡೋಕೆ ಹೊರಟರೆ ದಲ್ಲಾಳಿ ಹೇಳೋದು ಒಂದೇ: ‘ಓನರ್ ಹತ್ರ ರೇಟು ಮಾತಾಡ್ಬೇಡಿ ಸಾರ್, ನಾನಿದೀನಲ್ಲ.’ ಈ ಮಾತಿಗೂ ಒಂದು ಇತಿಹಾಸ ಇದೆ. ಇವತ್ತು ಅದನ್ನೇ ನೋಡೋಣ.

ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಿದ್ದ. ಮಾರುವವನ ಬೆರಳು ಒಮ್ಮೆ, ಕೊಳ್ಳುವವನ ಬೆರಳು ಒಮ್ಮೆ. ವ್ಯಾಪಾರ ಮುರಿದುಬಿದ್ದರೂ ಯಾರ ಮರ್ಯಾದೆಯೂ ಹೋಗುತ್ತಿರಲಿಲ್ಲ, ಅದು ಒಳ್ಳೇದೇ. ಆದರೆ ಎರಡೂ ಕಡೆಯ ಲೆಕ್ಕ ಗೊತ್ತಿದ್ದದ್ದು ದಲ್ಲಾಳಿಗೆ ಮಾತ್ರ. ನಡುವೆ ಎಷ್ಟು ಉಳೀತು ಅಂತ ಯಾರಿಗೆ ಗೊತ್ತು?

ಭೂಮಿ ವ್ಯವಹಾರದಲ್ಲೂ ನನಗೆ ಕಾಣೋದು ಅದೇ ಟವೆಲ್. ಕಾನೂನು ಮಾತ್ರ ಬೇರೆ ದಾರಿ ಹಿಡಿಯಿತು. 1872ರ ಕರಾರು ಕಾಯ್ದೆ ಪ್ರಕಾರ ಏಜೆಂಟ್ ತನ್ನನ್ನು ನೇಮಿಸಿದವರಿಗೆ ಲೆಕ್ಕ ಒಪ್ಪಿಸಬೇಕು. ಅವರಿಗೆ ತಿಳಿಸದೆ ತಾನೇ ವ್ಯಾಪಾರಕ್ಕೆ ಇಳಿದು ಲಾಭ ಮಾಡಿಕೊಂಡರೆ ಆ ಲಾಭವನ್ನು ಅವರು ಕೇಳಬಹುದು. 1882ರ ಸ್ವತ್ತು ವರ್ಗಾವಣೆ ಕಾಯ್ದೆ ಇನ್ನೊಂದು ಮಾತು ಹೇಳಿತು: ಬರೀ ಕರಾರಿನಿಂದ ಜಾಗ ನಿಮ್ಮದಾಗಲ್ಲ.

ಹಾಗಿದ್ದರೂ ಕಾಗದ ಕೇಳಿದರೆ ‘ನಂಬಿಕೆ ಇಲ್ವಾ?’ ಅನ್ನೋದು ಯಾಕೆ? ಪಹಣಿ ಮೊದಲು ಶಾನುಭೋಗರ, ಆಮೇಲೆ ಗ್ರಾಮಲೆಕ್ಕಿಗರ ಕೈಯಲ್ಲಿತ್ತು. ಹೊರಗಿನವರಿಗೆ ದಲ್ಲಾಳಿಯ ಮಾತೇ ದಾಖಲೆ. ಕಾಗದ ಕೇಳೋದು ಅಂದ್ರೆ ಅವನನ್ನೇ ಅನುಮಾನಿಸಿದ ಹಾಗೆ. 2000ದ ಹೊತ್ತಿಗೆ ‘ಭೂಮಿ’ ಯೋಜನೆ ಪಹಣಿಯನ್ನು ಕಂಪ್ಯೂಟರಿಗೆ ತಂದಿತು. ಆದರೂ ಆ ಮುಜುಗರ ಹೋಗಿಲ್ಲ.

2016ರ ರೇರಾ ಕಾಯ್ದೆ ಏಜೆಂಟರಿಗೆ ನೋಂದಣಿ ಕಡ್ಡಾಯ ಮಾಡಿತು, ಸುಳ್ಳು ಭರವಸೆ ಕೊಡುವಂತಿಲ್ಲ ಅಂದಿತು. ಆದರೆ ಅದು ನೋಂದಾಯಿತ ಯೋಜನೆಗಳ ಮಾತು. ಹಳ್ಳಿಯಲ್ಲಿ ಒಬ್ಬರು ಮಾರುವ ಹಳೇ ಮನೆ ಅದರೊಳಗೆ ಬರಲ್ಲ. ಅಲ್ಲಿ ನಮ್ಮನ್ನು ಕಾಯೋದು ನಮ್ಮ ಮಾತೇ.

ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಮರ್ಯಾದೆಯಿಂದ ಕೇಳಿ: ‘ಅಣ್ಣ, ನಿಮ್ಮ ಕಮಿಷನ್ ಎಷ್ಟು? ಎರಡೂ ಕಡೆ ತಗೋತೀರಾ? ಇಸಿ, ಇ-ಸ್ವತ್ತು ತೋರಿಸಿ. ಕೊನೇ ರೇಟು ಓನರ್ ಎದುರಿಗೇ ಮಾತಾಡೋಣ.’ ದಲ್ಲಾಳಿಗೆ ಅವರ ದುಡಿಮೆಯ ಹಣ ಮರೆಯದೆ ಕೊಡಿ. ಓಡಾಡಿದವರು ಅವರೇ. ಆದರೆ ರೇಟು ಮಾತ್ರ ಟವೆಲ್ ಮೇಲೆ ಇರಲಿ.