ಮಧ್ಯಾಹ್ನ ಹನ್ನೆರಡಕ್ಕೆ ಮಲಗುತ್ತಿದ್ದ ಕಂಪ್ಯೂಟರ್

ಡಿಸ್ಕ್ ಯಾಕೆ ನಿಧಾನ ಆಗುತ್ತೆ, ಅದರ ಕಾರಣ ಹುಡುಕೋದನ್ನ ಜನ ಹೇಗೆ ಕಲಿತರು? ಇವತ್ತು ಆ ಇತಿಹಾಸ. ಶುರು ಗಂಗಾವತಿಯಿಂದ.

2009ರ ನವೆಂಬರ್, ಭತ್ತದ ಸುಗ್ಗಿ. ಒಂದು ರೈಸ್ ಮಿಲ್‌ನ ಲಿನಕ್ಸ್ ಕಂಪ್ಯೂಟರ್ ನೋಡಿಕೊಳ್ಳೋ ಕೆಲಸ ನನ್ನದು. ಮಧ್ಯಾಹ್ನ ಆಯ್ತು ಅಂದ್ರೆ ತೂಕದ ಚೀಟಿ ಬರೋದೇ ನಿಲ್ಲುತ್ತಿತ್ತು. ಹೊರಗೆ ಟ್ರ್ಯಾಕ್ಟರ್‌ಗಳ ಸಾಲು. "ಏನ್ ತಮ್ಮಾ, ಮಧ್ಯಾಹ್ನ ಆದ್ರ ಸಾಕು, ನಿನ್ನ ಕಂಪ್ಯೂಟರ್ ಮಲಗ್ತದಲ್ಲ?" ಅಂದ್ರು ಸಾಹುಕಾರ್ರು. "ಡಿಸ್ಕ್ ಹೋಗೇದ್ರಿ, ಹೊಸಾದು ಹಾಕ್ಬೇಕು" ಅಂದೆ. ಏನನ್ನೂ ಅಳೆಯದೇ ಆಡಿದ ಮಾತು ಅದು.

1956ರಲ್ಲಿ ಐಬಿಎಂ ತಂದ ಮೊದಲ ಹಾರ್ಡ್ ಡಿಸ್ಕ್‌ನಲ್ಲಿ 50 ತಟ್ಟೆ, ಜಾಗ 50 ಲಕ್ಷ ಅಕ್ಷರಕ್ಕೆ. ಒಂದು ಮಾಹಿತಿ ತಲುಪೋಕೆ ಸರಾಸರಿ 600 ಮಿಲಿಸೆಕೆಂಡ್. ನಮ್ಮ ಕಾಲದ 7200 ಆರ್‌ಪಿಎಂ ಡಿಸ್ಕ್ ಕೂಡ ಒಂದು ಸುತ್ತಿಗೆ 8.3 ಮಿಲಿಸೆಕೆಂಡ್ ತಗೊಳ್ಳುತ್ತೆ. ಅಷ್ಟರಲ್ಲಿ ಪ್ರೊಸೆಸರ್ ಕೋಟಿಗಟ್ಟಲೆ ಹೆಜ್ಜೆ ಹಾಕಿರುತ್ತೆ.

ಹಾಗಾಗಿ ಕರ್ನಲ್ ಕೆಲಸಗಳನ್ನ ಜೋಡಿಸಿ ಕೊಡಬೇಕು. ಕೊಪ್ಪಳದಿಂದ ಹೊರಟವ ಗಂಗಾವತಿ, ಯಲಬುರ್ಗಾ, ಮತ್ತೆ ಗಂಗಾವತಿ, ಆಮೇಲೆ ಕುಷ್ಟಗಿ ಅಂತ ಓಡಾಡಿದರೆ ದಿನವೆಲ್ಲ ರಸ್ತೆಯಲ್ಲೇ. ಗಂಗಾವತಿಯ ಎರಡೂ ಕೆಲಸ ಒಮ್ಮೆಗೇ ಮುಗಿಸಿ, ಕುಷ್ಟಗಿ, ಯಲಬುರ್ಗಾ ನೋಡಿಕೊಂಡು ವಾಪಸ್ ಬರಬೇಕು. ಈ ಲೆಕ್ಕಕ್ಕೆ ಎಲಿವೇಟರ್ ಅಂತ ಹೆಸರು. ಆದರೆ ದೊಡ್ಡ ಕೆಲಸವೊಂದು ನುಗ್ಗಿದರೆ ಸಣ್ಣವು ಕಾಯುತ್ತಲೇ ಇರುತ್ತವೆ. 2003ರ ಡಿಸೆಂಬರ್‌ನಲ್ಲಿ ಬಂದ ಲಿನಕ್ಸ್ 2.6ರ ಡೆಡ್‌ಲೈನ್ ಶೆಡ್ಯೂಲರ್, ಗಡುವು ಮೀರಿ ಕಾದ ಕೆಲಸಕ್ಕೆ ಮೊದಲ ಸರದಿ ಕೊಟ್ಟಿತು.

ಸರಿ, ಕಾಯ್ತಿರೋದು ಯಾರು ಅಂತ ಗೊತ್ತಾಗೋದು ಹೇಗೆ? 1993ರಿಂದಲೇ ಲಿನಕ್ಸ್‌ನ ಲೋಡ್ ಆವರೇಜ್, ಡಿಸ್ಕ್‌ಗೆ ಕಾಯುವ ಪ್ರೋಗ್ರಾಂಗಳನ್ನೂ ಎಣಿಸುತ್ತೆ. ಓಡುತ್ತಿರುವ ಕರ್ನಲ್ ಒಳಗೇ ಇಣುಕೋ ಕೆಪ್ರೋಬ್ಸ್ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ. ಆ ಫೈಲ್‌ನ ತಲೆಯಲ್ಲೇ ಬರೆದಿದೆ: 2002ರ ಅಕ್ಟೋಬರ್‌ನಲ್ಲಿ ಶುರು ಮಾಡಿದ್ದು ಐಬಿಎಂ ಇಂಡಿಯಾದ ವಂಶಿಕೃಷ್ಣ. ಮುಂದೆ ಬೆಂಗಳೂರಿನ ಐಬಿಎಂ ಲಿನಕ್ಸ್ ಕೇಂದ್ರದ ಪ್ರಸನ್ನ ಪಂಚಮುಖಿ ಅದನ್ನ ಬೆಳೆಸಿದರು, 2004ರಲ್ಲಿ 2.6.9ರೊಳಗೆ ಸೇರಿತು. 2006ರಲ್ಲಿ ಯೆನ್ಸ್ ಆಕ್ಸ್‌ಬೋ ಅವರ ಬಿಎಲ್‌ಕೆಟ್ರೇಸ್ ಬಂತು. 2007ರ 2.6.20, ಯಾವ ಪ್ರೋಗ್ರಾಂ ಡಿಸ್ಕ್‌ನಿಂದ ಎಷ್ಟು ಓದಿತು, ಎಷ್ಟು ಬರೆಯಿತು ಅನ್ನೋ ಲೆಕ್ಕ ಇಟ್ಟಿತು. ಅದೇ ಲೆಕ್ಕ ತೋರಿಸೋದು ಐಒಟಾಪ್.

ಮಿಲ್‌ಗೆ ಬರೋಣ. ಹೊಸ ಡಿಸ್ಕ್‌ಗೆ ಸಾಹುಕಾರ್ರು ಒಪ್ಪಿಯೂ ಆಗಿತ್ತು. ಮರುದಿನ ಹನ್ನೆರಡಕ್ಕೆ ಟಾಪ್ ತೆಗೆದೆ. ಪ್ರೊಸೆಸರ್ ಕೆಲಸ ಮಾಡ್ತಾ ಇಲ್ಲ, ಡಿಸ್ಕ್‌ಗೆ ಕಾಯ್ತಾ ಇದೆ. ಐಒಟಾಪ್ ತೆಗೆದರೆ ಮೊದಲ ಸಾಲಲ್ಲೇ ಬ್ಯಾಕಪ್! ರಾತ್ರಿ ಹನ್ನೆರಡಕ್ಕೆ ಓಡಲಿ ಅಂತ ಕ್ರಾನ್‌ನಲ್ಲಿ ನಾನೇ ಬರೆದಿದ್ದು. ಗಂಟೆಯ ಜಾಗದಲ್ಲಿ 0 ಬರೆಯಬೇಕಿತ್ತು, ಬರೆದಿದ್ದು 12. ಡಿಸ್ಕ್‌ಗೆ ಏನೂ ಆಗಿರಲಿಲ್ಲ.

ಸುಮ್ಮನೆ ಸರಿಮಾಡಿ ಕೂರಬಹುದಿತ್ತು, ಆಸೆಯೂ ಆಯ್ತು. ಆದರೆ ಹೊರಗೆ ಅಷ್ಟು ದಿನ ಬಿಸಿಲಲ್ಲಿ ಕಾದ ರೈತರು ಕಣ್ಣಿಗೆ ಕಾಣ್ತಿದ್ದರು. "ತಪ್ಪು ನಂದೈತ್ರಿ, ಡಿಸ್ಕ್ ತರೋದು ಬ್ಯಾಡ" ಅಂದೆ. ಸಾಹುಕಾರ್ರು ಸ್ವಲ್ಪ ಹೊತ್ತು ನೋಡಿದರು. "ಮೊದ್ಲ ನೋಡಿ ಹೇಳಬಾರದಾ?" ಅಂದ್ರು ಅಷ್ಟೇ.

ನಿಮ್ಮ ಫೋನ್‌ನಲ್ಲಿ ತಿರುಗೋ ತಟ್ಟೆ ಇಲ್ಲ, ಸರದಿ ಮಾತ್ರ ಇನ್ನೂ ಇದೆ. ನಿಧಾನ ಆದಾಗ ಸಾಹುಕಾರ್ರ ಆ ಪ್ರಶ್ನೆ ನೆನಪಿರಲಿ.