ಸಿಟಿಜನ್ ಬ್ಯಾಂಡ್ ರೇಡಿಯೋ: ವಾಹನದಲ್ಲಿ ಅಳವಡಿಕೆ ಮತ್ತು ಬಳಕೆ

ಸಿಟಿಜನ್ ಬ್ಯಾಂಡ್ ರೇಡಿಯೋ (ಬಳಕೆಯಲ್ಲಿ ಸಿಬಿ) ಎಂದರೆ ಯಾವ ಪರೀಕ್ಷೆಯನ್ನೂ ಬರೆಯದೆ ಸಾಮಾನ್ಯರು ಬಳಸಬಹುದಾದ, 27 ಮೆಗಾಹರ್ಟ್ಸ್ ಆಸುಪಾಸಿನ, ಕಡಿಮೆ ಶಕ್ತಿಯ ಮಾತಿನ ರೇಡಿಯೋ. ಒಂದು ಚಾನೆಲ್ಲನ್ನು ಆ ಪ್ರದೇಶದಲ್ಲಿರುವ ಎಲ್ಲರೂ ಹಂಚಿಕೊಳ್ಳುತ್ತಾರೆ. ಒಬ್ಬರು ಮೈಕಿನ ಗುಂಡಿ ಒತ್ತಿ ಮಾತಾಡುವಾಗ ಉಳಿದವರು ಕೇಳಬೇಕು. ಪರೀಕ್ಷೆ, ಪರವಾನಗಿ, ಕರೆಸಂಕೇತಗಳಿರುವ ಹವ್ಯಾಸಿ ರೇಡಿಯೋದಿಂದ (ಹ್ಯಾಮ್) ಇದು ಬೇರೆ. ಮನೆಯಲ್ಲೂ ಸಿಬಿ ಇಟ್ಟುಕೊಳ್ಳಬಹುದಾದರೂ ಅದು ಬೇರೂರಿದ್ದು ವಾಹನದಲ್ಲಿ, ಅದರಲ್ಲೂ ಅಮೆರಿಕದ ಲಾರಿಗಳಲ್ಲಿ. ಸೆಟ್ಟಿನ ಶಕ್ತಿಗೆ ಕಾನೂನೇ ಮಿತಿ ಹಾಕಿರುವುದರಿಂದ ಅಗ್ಗದ ಸೆಟ್ಟೂ ದುಬಾರಿ ಸೆಟ್ಟೂ ಹೆಚ್ಚುಕಡಿಮೆ ಒಂದೇ ಬಲದಲ್ಲಿ ಪ್ರಸಾರ ಮಾಡುತ್ತವೆ. ಒಬ್ಬರ ಮಾತು ಹತ್ತು ಕಿಲೋಮೀಟರ್ ಮುಟ್ಟಿ ಇನ್ನೊಬ್ಬರದು ಎರಡಕ್ಕೇ ಮುಗಿಯುವುದಾದರೆ ಕಾರಣವನ್ನು ಪೆಟ್ಟಿಗೆಯೊಳಗಲ್ಲ, ಅದರ ಹೊರಗೆ ಹುಡುಕಬೇಕು: ಆಂಟೆನಾದಲ್ಲಿ, ಅದರಡಿಯ ಲೋಹದ ಮೈಯಲ್ಲಿ, ಅವೆರಡನ್ನು ಕೂಡಿಸುವ ಬೆಸುಗೆ ಮತ್ತು ನಟ್ಟುಗಳಲ್ಲಿ.

ಇತಿಹಾಸ

ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ನಾಗರಿಕರಿಗಾಗಿ ರೇಡಿಯೋ ಸೇವೆಯೊಂದನ್ನು 1945ರಲ್ಲಿ ರೂಪಿಸಿತು. ಮೊದಲು ಗೊತ್ತುಮಾಡಿದ 460 ಮೆಗಾಹರ್ಟ್ಸ್ ಮೇಲಿನ ಪಟ್ಟಿಗೆ ಅಗ್ಗದ ಉಪಕರಣ ತಯಾರಿಸುವುದು ಆಗಿನ ತಂತ್ರಜ್ಞಾನಕ್ಕೆ ಕಷ್ಟವಿತ್ತು. 1958ರಲ್ಲಿ ಹವ್ಯಾಸಿಗಳ ಕೈಯಲ್ಲಿದ್ದ 11 ಮೀಟರ್ (27 ಮೆಗಾಹರ್ಟ್ಸ್) ಪಟ್ಟಿಯನ್ನು ಹಿಂತೆಗೆದು ‘ಕ್ಲಾಸ್ ಡಿ’ ಹೆಸರಿನಲ್ಲಿ 23 ಚಾನೆಲ್‌ಗಳನ್ನು ತೆರೆದ ಮೇಲೆಯೇ ಈಗಿನ ಸಿಬಿ ಹುಟ್ಟಿತು. ನಿಯಮ ಬರೆದವರ ಕಣ್ಣ ಮುಂದೆ ಇದ್ದದ್ದು ಸಣ್ಣ ವ್ಯಾಪಾರಿ, ರೈತ, ರಿಪೇರಿಯವನು ಇಂಥವರು; ಹರಟೆಗೆ ಅದರಲ್ಲಿ ಜಾಗವಿರಲಿಲ್ಲ. ದಾರಿಯಲ್ಲಿ ಕೆಟ್ಟು ನಿಂತವರ ಕರೆಗೆ ಕಿವಿಗೊಟ್ಟು ಕೂರುವ ‘ರಿಯಾಕ್ಟ್’ ಎಂಬ ಸ್ವಯಂಸೇವಕರ ಸಂಘಟನೆ 1962ರಲ್ಲೇ ಹುಟ್ಟಿತಾದರೂ, ಮೊದಲ ಒಂದೂವರೆ ದಶಕ ಸಿಬಿ ಕೆಲವರ ಕೈಯ ಸಾಧನವಾಗಿಯೇ ಉಳಿಯಿತು.

ಅದನ್ನು ಬೀದಿಗೆ ತಂದದ್ದು ಎಣ್ಣೆ. 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ಎಣ್ಣೆ ಸರಬರಾಜಿಗೆ ತಡೆ ಹಾಕಿದವು. ಇಂಧನ ಉಳಿಸಲು ಅಮೆರಿಕ ಸರ್ಕಾರ 1974ರ ಜನವರಿಯಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿಲೋಮೀಟರ್ ವೇಗಮಿತಿ ತಂದಿತು. ಓಡಿಸಿದ ಮೈಲಿಯ ಲೆಕ್ಕದಲ್ಲಿ ಕೂಲಿ ಪಡೆಯುವ ಲಾರಿ ಚಾಲಕರಿಗೆ ಇದು ಎರಡು ಕಡೆಯಿಂದ ಬಿದ್ದ ಹೊಡೆತ: ಡೀಸೆಲ್ ಸಿಗದು, ಸಿಕ್ಕರೂ ಬೇಗ ಹೋಗುವಂತಿಲ್ಲ. ಯಾವ ಬಂಕಿನಲ್ಲಿ ಡೀಸೆಲ್ ಇದೆ, ಯಾವ ಸೇತುವೆಯ ಮರೆಯಲ್ಲಿ ಪೊಲೀಸರು ವೇಗ ಅಳೆಯುತ್ತಿದ್ದಾರೆ ಎಂಬ ಎರಡು ಸುದ್ದಿಗೆ ಸಿಬಿಗಿಂತ ಒಳ್ಳೆಯ ದಾರಿ ಇರಲಿಲ್ಲ. ಎದುರು ದಿಕ್ಕಿನಿಂದ ಬರುವ ಚಾಲಕ ನೀವು ಇನ್ನೂ ಮುಟ್ಟದ ರಸ್ತೆಯನ್ನು ಈಗಷ್ಟೇ ದಾಟಿ ಬಂದಿರುತ್ತಾನೆ. ಅವನ ಹೆಸರು ಗೊತ್ತಿರಬೇಕಿಲ್ಲ, ಅವನು ಅಲ್ಲಿರುವುದೇ ಸಾಕು. 1973ರ ಡಿಸೆಂಬರಿನಲ್ಲಿ ಚಾಲಕರು ಹೆದ್ದಾರಿಗಳನ್ನು ತಡೆದು ಪ್ರತಿಭಟಿಸಿದಾಗ ಅವರನ್ನು ಒಗ್ಗೂಡಿಸಿದ್ದೂ ಇದೇ ರೇಡಿಯೋ.

ಮುಂದಿನ ಮೂರು ವರ್ಷ ಬೆಳವಣಿಗೆ ಅಂಕೆ ಮೀರಿತು. ಪರವಾನಗಿ ಶುಲ್ಕ 1975ರಲ್ಲಿ 20 ಡಾಲರಿನಿಂದ 4ಕ್ಕೆ ಇಳಿಯಿತು. ‘ಕಾನ್‌ವಾಯ್’ ಎಂಬ ಲಾರಿ ಹಾಡು 1976ರ ಆರಂಭದಲ್ಲಿ ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೂ ಸಿಬಿಯಲ್ಲಿ ‘ಫಸ್ಟ್ ಮಾಮಾ’ ಎಂಬ ಅಡ್ಡಹೆಸರಿತ್ತು. ಜನಸಂದಣಿ ತಾಳಲಾರದೆ 1977ರ ಜನವರಿ 1ರಿಂದ ಚಾನೆಲ್‌ಗಳನ್ನು 40ಕ್ಕೆ ಏರಿಸಿದಾಗ 23 ಚಾನೆಲ್ಲಿನ ಹಳೆಯ ಸೆಟ್ಟುಗಳು ಅಂಗಡಿಗಳಲ್ಲಿ ರಾಶಿಬಿದ್ದವು. ಕೋಟ್ಯಂತರ ಜನರನ್ನು ಕಡತದಲ್ಲಿ ಹಿಡಿದಿಡಲಾಗದೆ 1983ರಲ್ಲಿ ವೈಯಕ್ತಿಕ ಪರವಾನಗಿಯನ್ನೇ ಕೈಬಿಡಲಾಯಿತು. ಬ್ರಿಟನ್ 1981ರ ನವೆಂಬರ್ 2ರಂದು ಎಫ್‌ಎಂ ವಿಧಾನದ ಸಿಬಿಗೆ ಅನುಮತಿ ಕೊಟ್ಟಿತು. ಆಸ್ಟ್ರೇಲಿಯಾದಲ್ಲಿ 27 ಮೆಗಾಹರ್ಟ್ಸ್‌ಗಿಂತ 477 ಮೆಗಾಹರ್ಟ್ಸ್ ಪಟ್ಟಿಯೇ ಒಳನಾಡಿನ ರಸ್ತೆಗಳಲ್ಲಿ ನೆಲೆನಿಂತಿತು.

ಆವರ್ತನ ಮತ್ತು ಶಕ್ತಿಯ ಮಿತಿ

ಅಮೆರಿಕದ 40 ಚಾನೆಲ್‌ಗಳು 26.965ರಿಂದ 27.405 ಮೆಗಾಹರ್ಟ್ಸ್‌ವರೆಗೆ ಹರಡಿವೆ. 9ನೆಯದು (27.065) ತುರ್ತು ಕರೆ ಮತ್ತು ಪ್ರಯಾಣಿಕರ ನೆರವಿಗೆ ಮೀಸಲು. 19ನೆಯದು (27.185) ಕಾನೂನಿನಿಂದಲ್ಲ, ರೂಢಿಯಿಂದ ಹೆದ್ದಾರಿಯ ಚಾನೆಲ್. ಶಕ್ತಿಯ ಮಿತಿ ಎಎಂ ವಿಧಾನದಲ್ಲಿ 4 ವಾಟ್, ಏಕಪಾರ್ಶ್ವ ಪಟ್ಟಿ (ಎಸ್‌ಎಸ್‌ಬಿ) ವಿಧಾನದಲ್ಲಿ ಶಿಖರ ಶಕ್ತಿ 12 ವಾಟ್. 2021ರಲ್ಲಿ ಎಫ್‌ಎಂಗೂ ಅನುಮತಿ ಸಿಕ್ಕಿತು.

ನಾಲ್ಕು ವಾಟ್ ತೀರ ಕಡಿಮೆ, ನೂರು ವಾಟಿನ ಆಂಪ್ಲಿಫಯರ್ ಹಾಕಿದರೆ ಜೋಡಣೆಯ ಕೊರತೆಯೆಲ್ಲ ಮುಚ್ಚಿಹೋಗುತ್ತದೆ ಎಂಬ ವಾದ ಸಿಬಿಯಷ್ಟೇ ಹಳೆಯದು. ಅಮೆರಿಕದಲ್ಲಿ ಅದು ಕಾನೂನುಬಾಹಿರ ಎಂಬುದನ್ನು ಬದಿಗಿಟ್ಟರೂ ಲೆಕ್ಕ ಅದರ ಪರವಾಗಿಲ್ಲ. ನಾಲ್ಕರಿಂದ ನೂರಕ್ಕೆ ಏರಿದರೆ ಸಿಗುವುದು 14 ಡೆಸಿಬೆಲ್. ಕೇಳುವವರ ಮೀಟರಿನಲ್ಲಿ ಒಂದು ‘ಎಸ್’ ಗೆರೆಗೆ 6 ಡೆಸಿಬೆಲ್ ಬೇಕಾದ್ದರಿಂದ ಮುಳ್ಳು ಎರಡು ಗೆರೆಗಿಂತ ಸ್ವಲ್ಪ ಹೆಚ್ಚು ಏರಿ ನಿಲ್ಲುತ್ತದೆ. ಸಮತಟ್ಟು ನೆಲದ ಮೇಲೆ, ಗಿಡ್ಡ ಆಂಟೆನಾಗಳ ನಡುವೆ, ದೂರ ಇಮ್ಮಡಿಯಾಗಬೇಕಾದರೆ ಶಕ್ತಿ ಸುಮಾರು ಹದಿನಾರು ಪಟ್ಟು ಬೇಕು. ಅದಕ್ಕಿಂತ ಮುಖ್ಯವಾಗಿ, ಆಂಪ್ಲಿಫಯರ್ ನಿಮ್ಮ ಮಾತನ್ನಷ್ಟೇ ಹಿಗ್ಗಿಸುತ್ತದೆ. ಉತ್ತರ ಕೊಡುವವನ ನಾಲ್ಕು ವಾಟ್ ನಿಮಗೆ ಮೊದಲಿನಷ್ಟೇ ಕ್ಷೀಣವಾಗಿ ಕೇಳುತ್ತದೆ. ಆಂಟೆನಾ ಸುಧಾರಿಸಿದರೆ ಹೋಗುವ ಮಾತೂ ಬರುವ ಮಾತೂ ಒಟ್ಟಿಗೆ ಸುಧಾರಿಸುತ್ತವೆ.

ಆಂಟೆನಾ ಮತ್ತು ವಾಹನದ ಮೈ

27 ಮೆಗಾಹರ್ಟ್ಸ್‌ನಲ್ಲಿ ತರಂಗದೂರ ಸುಮಾರು 11 ಮೀಟರ್, ಅದರ ಕಾಲುಭಾಗ 2.75 ಮೀಟರ್. ಕಾಲು ತರಂಗದ ಆಂಟೆನಾ ಅರ್ಧ ಮಾತ್ರ ಆಂಟೆನಾ. ಉಳಿದರ್ಧದ ಕೆಲಸವನ್ನು ಅದರ ಬುಡದಲ್ಲಿರುವ ಲೋಹದ ಹಾಸು ಮಾಡಬೇಕು. ಕಾರಿನಲ್ಲಿ ಆ ಹಾಸು ಎಂದರೆ ಚಾವಣಿ, ಬಾನೆಟ್, ಡಿಕ್ಕಿಯ ತಗಡು. ಕಡ್ಡಿಯನ್ನು ಚಾವಣಿಯ ನಡುಮಧ್ಯಕ್ಕೆ ನಿಲ್ಲಿಸಿದರೆ ಎಲ್ಲ ದಿಕ್ಕಿಗೂ ಹೆಚ್ಚುಕಡಿಮೆ ಸಮನಾಗಿ ಹರಡುತ್ತದೆ. ಹಿಂಬದಿಯ ಎಡಮೂಲೆಗೆ ನಿಲ್ಲಿಸಿದರೆ ಲೋಹ ಹೆಚ್ಚಿರುವ ಮುಂಬದಿಯ ಬಲಕ್ಕೆ ವಾಲುತ್ತದೆ. ಫೈಬರ್ ಮೈಯ ವಾಹನಕ್ಕೆ ಲೋಹದ ಹಾಸೇ ಇಲ್ಲದಿರುವುದರಿಂದ ಅದಕ್ಕೆಂದೇ ಮಾಡಿದ ಆಂಟೆನಾವನ್ನೂ ಕೇಬಲ್ಲನ್ನೂ ಹಾಕಬೇಕು. ಅಯಸ್ಕಾಂತದ ಬುಡದ ಆಂಟೆನಾ ಬಣ್ಣದ ಪದರದ ಮೂಲಕವೇ ತಗಡಿನೊಡನೆ ಕೂಡಿಕೊಳ್ಳುತ್ತದೆ, ತೂತು ಬೇಕಿಲ್ಲ. ಆದರೆ ಕನ್ನಡಿಯ ಸರಳಿಗೋ ಡಿಕ್ಕಿಯ ಅಂಚಿಗೋ ಬಿಗಿಯುವ ಕ್ಲಾಂಪಿನಡಿ ಬಣ್ಣವನ್ನು ಹೊಳೆಯುವ ಲೋಹ ಕಾಣುವವರೆಗೆ ಉಜ್ಜದಿದ್ದರೆ ಅರ್ಥಿಂಗ್ ಹೆಸರಿಗಷ್ಟೇ ಇರುತ್ತದೆ.

ಪೂರ್ತಿ ಉದ್ದದ ಕಡ್ಡಿ ಕಾರಿನ ಮೇಲೆ ನಿಂತರೆ ಮರದ ಕೊಂಬೆಗೂ ಪೆಟ್ರೋಲ್ ಬಂಕಿನ ಮಾಡಿಗೂ ತಾಗುತ್ತದೆ. ಆದ್ದರಿಂದ ಕಡ್ಡಿಯನ್ನು ಒಂದು, ಒಂದೂವರೆ ಮೀಟರಿಗೆ ಇಳಿಸಿ, ಕಡಿಮೆಯಾದ ಉದ್ದವನ್ನು ತಂತಿಯ ಸುರುಳಿಯಿಂದ ತುಂಬುತ್ತಾರೆ. ವಿದ್ಯುತ್ತಿನ ಲೆಕ್ಕದಲ್ಲಿ ಸುರುಳಿ ಉದ್ದವನ್ನು ತುಂಬಿಕೊಡುತ್ತದೆ, ಹೊರಸೂಸುವ ಗುಣವನ್ನು ತುಂಬಿಕೊಡದು. ಪೂರ್ತಿ ಕಾಲು ತರಂಗದ ಕಡ್ಡಿಯ ವಿಕಿರಣ ರೋಧ ಸುಮಾರು 36 ಓಮ್ ಇದ್ದರೆ ಗಿಡ್ಡ ಕಡ್ಡಿಯದು ಕೆಲವೇ ಓಮ್‌ಗೆ ಕುಸಿಯುತ್ತದೆ. ಸುರುಳಿಯ ಮತ್ತು ತುಕ್ಕುಹಿಡಿದ ಅರ್ಥಿಂಗಿನ ರೋಧಗಳು ಆ ಕೆಲವು ಓಮ್‌ಗಳೊಡನೆ ಸ್ಪರ್ಧೆಗಿಳಿಯುತ್ತವೆ. ಅವು ಗೆದ್ದಷ್ಟೂ ಶಕ್ತಿ ಮಾತಾಗಿ ಹೊರಡದೆ ಶಾಖವಾಗಿ ಹೋಗುತ್ತದೆ.

ಸ್ಥಾಯೀತರಂಗ ಅನುಪಾತ

ಸೆಟ್ಟು ಕಳಿಸಿದ ಶಕ್ತಿಯನ್ನು ಆಂಟೆನಾ ಎಷ್ಟು ಸ್ವೀಕರಿಸಿತು, ಎಷ್ಟನ್ನು ಹಿಂದಕ್ಕೆ ತಳ್ಳಿತು ಎಂಬುದರ ಅಳತೆ ಇದು, ಬಳಕೆಯಲ್ಲಿ ಎಸ್‌ಡಬ್ಲ್ಯುಆರ್. ಅನುಪಾತ 1.5 ಇದ್ದರೆ ಹಿಂದಿರುಗುವುದು ಶೇ 4, 2 ಇದ್ದರೆ ಶೇ 11, 3 ಇದ್ದರೆ ಶೇ 25. ಮೂರು ದಾಟಿದರೆ ಸೆಟ್ಟಿನ ಕೊನೆಯ ಹಂತದ ಟ್ರಾನ್ಸಿಸ್ಟರ್ ಸುಡುವ ಅಪಾಯವಿದೆ. ಆಂಟೆನಾ ಸಿಕ್ಕಿಸದೆ ಮೈಕಿನ ಗುಂಡಿ ಒತ್ತಬಾರದು ಎನ್ನುವುದೂ ಇದಕ್ಕೇ. ಅಳೆಯುವಾಗ ವಾಹನ ಬಯಲಿನಲ್ಲಿರಬೇಕು, ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಿರಬೇಕು, ಕಡ್ಡಿಯ ಹತ್ತಿರ ಯಾರೂ ನಿಂತಿರಬಾರದು. ಮೀಟರನ್ನು ಸೆಟ್ಟು ಮತ್ತು ಆಂಟೆನಾ ಕೇಬಲ್ ನಡುವೆ ಸಿಕ್ಕಿಸಿ 1, 19, 40ನೇ ಚಾನೆಲ್‌ಗಳಲ್ಲಿ ನೋಡಬೇಕು. 40ರಲ್ಲಿ ಹೆಚ್ಚು ತೋರಿದರೆ ಕಡ್ಡಿ ಉದ್ದವಾಗಿದೆ, 1ರಲ್ಲಿ ಹೆಚ್ಚಿದ್ದರೆ ಗಿಡ್ಡವಾಗಿದೆ. ಎಲ್ಲ ಚಾನೆಲ್ಲಿನಲ್ಲೂ ಮೂರರ ಮೇಲೆ ನಿಂತಿದ್ದರೆ ತಪ್ಪು ಉದ್ದದ್ದಲ್ಲ. ಅರ್ಥಿಂಗ್ ಇಲ್ಲ, ಅಥವಾ ಪ್ಲಗ್ಗಿನೊಳಗೆ ಕೇಬಲ್ಲಿನ ಹೊರ ಜಾಲರಿಯ ಎಳೆಯೊಂದು ನಡುತಂತಿಗೆ ತಾಗಿದೆ. ಕತ್ತರಿಸುವುದಾದರೆ ಒಮ್ಮೆಗೆ ಕೆಲವೇ ಮಿಲಿಮೀಟರ್. ಕತ್ತರಿಸಿದ್ದು ಮತ್ತೆ ಬೆಳೆಯದು.

ಕೈಪಿಡಿಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ; ನಿಲ್ಲಬಾರದು. ಈ ಅನುಪಾತ ಕಡಿಮೆಯಿದ್ದರೆ ಸೆಟ್ಟು ಕ್ಷೇಮವಾಗಿದೆ ಎಂದರ್ಥವೇ ಹೊರತು ಮಾತು ದೂರ ಹೋಗುತ್ತಿದೆ ಎಂದಲ್ಲ. ಸೆಟ್ಟು ನಿರೀಕ್ಷಿಸುವ 50 ಓಮ್‌ನ ಬರಿಯ ರೋಧಕವೊಂದನ್ನು ಆಂಟೆನಾ ಜಾಗದಲ್ಲಿ ಸಿಕ್ಕಿಸಿದರೆ ಮೀಟರ್ 1ನ್ನು ತೋರಿಸುತ್ತದೆ, ಹೊರಗೆ ಮಾತ್ರ ಏನೂ ಹೋಗುವುದಿಲ್ಲ. ಗಿಡ್ಡ ಕಡ್ಡಿಯ ಬುಡಕ್ಕೆ ತುಕ್ಕು ಹಿಡಿದರೆ ವ್ಯರ್ಥ ರೋಧ ಸೇರಿ ಒಟ್ಟು ಮೊತ್ತ 50ರ ಹತ್ತಿರ ಬಂದು ಮೀಟರ್ ಇನ್ನಷ್ಟು ಚೆನ್ನಾಗಿ ಕಾಣುವುದೂ ಉಂಟು. ಆದ್ದರಿಂದ ಮೀಟರ್ ಓದುವ ಮೊದಲು ತಗಡು ಉಜ್ಜಿರಬೇಕು, ಬಾನೆಟ್ಟು ಮತ್ತು ಡಿಕ್ಕಿಯನ್ನು ಮೈಗೆ ಕೂಡಿಸುವ ಲೋಹದ ಪಟ್ಟಿ ಹಾಕಿರಬೇಕು. ಕೇಬಲ್ 18 ಅಡಿಯೇ ಇರಬೇಕು ಎಂಬ ನಂಬಿಕೆಯ ಬೇರೂ ಇಲ್ಲಿದೆ. ಹೊಂದಾಣಿಕೆ ಸರಿಯಿದ್ದರೆ 50 ಓಮ್ ಕೇಬಲ್ ಎಷ್ಟು ಉದ್ದವಿದ್ದರೂ ನಡೆಯುತ್ತದೆ. ಸರಿಯಿಲ್ಲದಾಗ ಉದ್ದ ಬದಲಿಸಿದರೆ ಮೀಟರಿನ ಅಂಕಿ ಬದಲಾಗಬಹುದು, ಆಂಟೆನಾ ಬದಲಾಗುವುದಿಲ್ಲ.

ವಿದ್ಯುತ್ತು ಮತ್ತು ಗದ್ದಲ

ಸಿಬಿ ಸೆಟ್ಟು 13.8 ವೋಲ್ಟಿಗೆ ಮಾಡಿದ್ದು, ಮಾತಾಡುವಾಗ ಎಳೆಯುವುದು ಸುಮಾರು ಎರಡು ಆಂಪಿಯರ್. ಕೆಂಪು ತಂತಿಯನ್ನು ಬ್ಯಾಟರಿಯ ಪ್ಲಸ್ಸಿಗೇ ಒಯ್ದು, ಬ್ಯಾಟರಿಯ ಬಳಿಯೇ ಫ್ಯೂಸ್ ಹಾಕಿ, ತಗಡಿನ ತೂತು ದಾಟುವಲ್ಲಿ ರಬ್ಬರ್ ಬುಷ್ ಕೂರಿಸುವುದು ಒಳ್ಳೆಯದು. ಗಾಳಿಚೀಲ ಬಿಚ್ಚಿಕೊಳ್ಳುವ ದಾರಿಯಲ್ಲಿ ಸೆಟ್ಟನ್ನಾಗಲಿ ಮೈಕನ್ನಾಗಲಿ ಇಡಬಾರದು. ಹಲವು ದೇಶಗಳ ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುತ್ತದೆ. ನಡುವೆ ಪರಿವರ್ತಕ ಹಾಕದಿದ್ದರೆ ಸೆಟ್ಟು ಉಳಿಯುವುದಿಲ್ಲ. ಆಕ್ಸಿಲರೇಟರ್ ಒತ್ತಿದಂತೆ ಏರುವ ಸಿಳ್ಳು ಆಲ್ಟರ್ನೇಟರಿನದು, ಟಿಕ್‌ಟಿಕ್ ಸದ್ದು ಸ್ಪಾರ್ಕ್ ಪ್ಲಗ್ಗಿನದು, ಒಂದೇ ಸಮನೆ ಬರುವ ಕರಕರ ಹಲವೊಮ್ಮೆ ಮೊಬೈಲ್ ಚಾರ್ಜರಿನದು. ಆಂಟೆನಾ ಕೇಬಲ್ ಕಳಚಿದಾಗ ಗದ್ದಲ ನಿಂತರೆ ಅದು ಗಾಳಿಯಿಂದ ಬರುತ್ತಿದೆ, ನಿಲ್ಲದಿದ್ದರೆ ವಿದ್ಯುತ್ ತಂತಿಯಿಂದ. ಅದು ಗೊತ್ತಾಗದೆ ಫಿಲ್ಟರ್ ಕೊಳ್ಳುವುದು ದಂಡ.

ಬಳಕೆ

ಮೊದಲು ಸ್ಕ್ವೆಲ್ಚ್ ಗುಂಡಿಯನ್ನು ಹಿನ್ನೆಲೆಯ ಸರ್ ಸದ್ದು ಈಗಷ್ಟೇ ಅಡಗುವಷ್ಟು ತಿರುಗಿಸಬೇಕು. ಇನ್ನೂ ತಿರುಗಿಸಿದರೆ ದೂರದವರ ದನಿಯೂ ಅಡಗುತ್ತದೆ. ಎಎಂನಲ್ಲಿ ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೇಳುವವರಿಗೆ ಸಿಗುವುದು ಬರೀ ಕೀರಲು. ಹಾಗಾಗಿ ಕೇಳಿ, ಕಾದು, ಚುಟುಕಾಗಿ ಮಾತಾಡುವುದು ಸೌಜನ್ಯವಷ್ಟೇ ಅಲ್ಲ, ಯಂತ್ರದ ಅಗತ್ಯವೂ ಹೌದು. ನಡುವೆ ಬಾಯಿ ಹಾಕಲು ‘ಬ್ರೇಕರ್’, ಒಪ್ಪಿದೆ ಎನ್ನಲು ‘ಟೆನ್-ಫೋರ್’ ಎಂಬ ಚುಟುಕುಗಳು ಉಳಿದುಬಂದದ್ದೂ ಇದರಿಂದಲೇ. ಅಮೆರಿಕದ ನಿಯಮ ಒಂದು ಸಂಭಾಷಣೆಗೆ ಐದು ನಿಮಿಷ, ಬಳಿಕ ಒಂದು ನಿಮಿಷದ ಮೌನ ವಿಧಿಸುತ್ತದೆ. ಸೂರ್ಯನ ಹನ್ನೊಂದು ವರ್ಷಗಳ ಚಕ್ರ ಏರಿರುವಾಗ ಅಯಾನುಗೋಳ ಈ ತರಂಗಗಳನ್ನು ಸಾವಿರಾರು ಕಿಲೋಮೀಟರ್ ಆಚೆಗೆ ಪುಟಿಸುತ್ತದೆ. ದೂರದವರೊಡನೆ ಮಾತಾಡುವವರಿಗೆ ಅದು ಹಬ್ಬ; ಮುಂದಿನ ತಿರುವಿನ ಸುದ್ದಿ ಬೇಕಾದ ಚಾಲಕನಿಗೆ ಗದ್ದಲ.

ಮೊಬೈಲ್ ಫೋನು ಬಂದ ಮೇಲೆ ಇದೆಲ್ಲ ಏಕೆ ಎಂಬ ಆಕ್ಷೇಪಕ್ಕೆ ತಕ್ಕ ತೂಕ ಕೊಡಲೇಬೇಕು. ಸಂಚಾರದ ದಟ್ಟಣೆಯನ್ನು ತೋರಿಸುವ ನಕ್ಷೆ ಅಂಗೈಯಲ್ಲಿದೆ, ಸಿಬಿ ಬಳಕೆ ಇಳಿದಿದೆ. ಆದರೆ ಫೋನು ಗೊತ್ತಿರುವ ವ್ಯಕ್ತಿಯನ್ನು ಕರೆಯುತ್ತದೆ, ಸಿಬಿ ಸುತ್ತಲಿನ ರಸ್ತೆಯನ್ನು ಕರೆಯುತ್ತದೆ. ಹಿಂದೆ ಬರುತ್ತಿರುವ ಅಪರಿಚಿತ ಲಾರಿಗೆ ‘ನಿಮ್ಮ ಟ್ರೇಲರಿನ ಟೈರು ಹೊಗೆಯಾಡುತ್ತಿದೆ’ ಎಂದು ಹೇಳಲು ಯಾವ ಸಂಖ್ಯೆಯನ್ನೂ ಒತ್ತಲಾಗದು. ಸಿಗ್ನಲ್ ಗೋಪುರವಿಲ್ಲದ ಕಡೆಯೂ ಸಿಬಿಯ ಈ ಕೆಲಸ ನಿಲ್ಲುವುದಿಲ್ಲ.

ಭಾರತದಲ್ಲಿ

1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯಡಿ ರೇಡಿಯೋ ಉಪಕರಣವನ್ನು ಇಟ್ಟುಕೊಳ್ಳುವುದಕ್ಕೇ ಪರವಾನಗಿ ಬೇಕಿತ್ತು. 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಸಿಟಿಜನ್ ಬ್ಯಾಂಡಿನಲ್ಲಿ 5 ವಾಟ್ ವರೆಗಿನ ವಿಕಿರಣ ಶಕ್ತಿಯ ಉಪಕರಣಗಳಿಗೆ 2005ರಲ್ಲಿ ವಿನಾಯಿತಿ ಸಿಕ್ಕಿತು. ಅಷ್ಟರಲ್ಲಿ ಮೊಬೈಲ್ ಫೋನು ಲಾರಿಯ ಕ್ಯಾಬಿನ್ ಸೇರತೊಡಗಿತ್ತು. ಇಲ್ಲಿನ ಹೆದ್ದಾರಿಗಳಲ್ಲಿ ಸಿಬಿ ಬೆಳೆಯದಿರಲು ಇದು ಮುಖ್ಯ ಕಾರಣವಿರಬೇಕು. ಅಮೆರಿಕದ ಸೆಟ್ಟನ್ನು ತಂದು ಹಾಗೇ ಬಳಸುವಂತಿಲ್ಲ: ಅದರ 28ರಿಂದ 40ರವರೆಗಿನ ಚಾನೆಲ್‌ಗಳು ಈ ಪಟ್ಟಿಯ ಹೊರಗಿವೆ, ಉಪಕರಣಕ್ಕೆ ಕೇಂದ್ರ ಸರ್ಕಾರದ ಅನುಮೋದನೆಯೂ ಬೇಕು. ಇದೇ ಪಟ್ಟಿ ಅಂತಾರಾಷ್ಟ್ರೀಯವಾಗಿ ಕೈಗಾರಿಕೆ ಮತ್ತು ವೈದ್ಯಕೀಯ ಯಂತ್ರಗಳಿಗೂ ಬಿಟ್ಟುಕೊಟ್ಟದ್ದು. ಫಿಸಿಯೋಥೆರಪಿಯಲ್ಲಿ ಶಾಖ ಕೊಡುವ ಡಯಾಥರ್ಮಿ ಯಂತ್ರ ಇದರ ನಡುಮಧ್ಯದ 27.12 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ. ವಿನಾಯಿತಿಯ ಷರತ್ತೂ ಅದಕ್ಕೆ ತಕ್ಕಂತಿದೆ: ಬಳಸುವವರು ಯಾರಿಗೂ ಅಡ್ಡಿ ಮಾಡಬಾರದು, ತಮಗಾದ ಅಡ್ಡಿಯಿಂದ ರಕ್ಷಣೆ ಕೇಳುವಂತೆಯೂ ಇಲ್ಲ. ಶಕ್ತಿ ಹೆಚ್ಚಿಸುವ ದಾರಿಯೂ ದೂರು ಕೊಡುವ ದಾರಿಯೂ ಮುಚ್ಚಿರುವಾಗ ಬಳಕೆದಾರನ ಕೈಯಲ್ಲಿ ಉಳಿಯುವುದು ಉಜ್ಜಿದ ತಗಡು, ಸರಿಯಾದ ಉದ್ದದ ಕಡ್ಡಿ ಮತ್ತು ಗಟ್ಟಿಯಾದ ಬೆಸುಗೆ.